ಕುರ್ಚಿಯ ಹಿಂದಿನ ಮೊಳೆ

ಫೆಬ್ರವರಿ ೧೨

ಮಗಳಿಗೆ,

ಫೋನು ಬೇಡ ಎಂದು ನಾನೇ ಹೇಳಿದ್ದೆ, ಆದ್ದರಿಂದ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತೇವೆ. ಆಮೇಲೆ ಯಾರು ಮೊದಲು ಇಟ್ಟರು ಎನ್ನುವುದೇ ಇನ್ನೊಂದು ಜಗಳವಾಗುತ್ತದೆ. ಕಾಗದದಲ್ಲಾದರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯಲೇಬೇಕು.

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಎಂಟನೇ ತರಗತಿಗೆ ಹಕ್ಕುಗಳ ಪಾಠ ಮಾಡುವಾಗ ಕಿಟಕಿ ಪಕ್ಕ ಕೂರುವ ಹುಡುಗಿ ಎದ್ದು ನಿಂತು, "ಮಿಸ್, ಇವನ್ನೆಲ್ಲ ನಮಗೆ ಕೊಟ್ಟವರು ಯಾರು? ಕೊಟ್ಟವರು ವಾಪಸ್ ಕೇಳಿದರೆ?" ಎಂದಳು, ನಾಳೆ ಹೇಳುತ್ತೇನೆ ಎಂದು ಕೂರಿಸಿದೆ, ಆ ನಾಳೆ ಬಂದು ಹೋಗಿ ವಾರವಾಯಿತು ಎಂದು ಬರೆದಿದ್ದೀಯ. ಅಷ್ಟು ಓದಿದವಳಿಗೆ ಇದರಲ್ಲಿ ಕಷ್ಟ ಏನು ಕಂಡಿತೋ. ನಾನು ಹೈಸ್ಕೂಲಿಗೇ ನಿಂತವಳು, ನನಗೆ ಗೊತ್ತು. ಯಾರೋ ಒಬ್ಬರು ಕೊಡುತ್ತಾರೆ. ಕೈಯಲ್ಲಿ ಇದ್ದವರು ಇಲ್ಲದವರಿಗೆ ಕೊಡುತ್ತಾರೆ.

ನಾನು ಹಿಂದೆ ಹೊಲಿಯುತ್ತಿದ್ದ ಶೆಡ್ಡಿನಲ್ಲಿ ಅರವತ್ತು ಹೆಂಗಸರಿಗೆ ಒಂದೂ ಬಾತ್‌ರೂಮು ಇರಲಿಲ್ಲ. ನನ್ನದೇ ಹೊಲಿಗೆ ಮನೆ ಶುರು ಮಾಡಿದಾಗ, ನಾಲ್ಕನೇ ಮೆಷಿನ್ ತರುವ ಮೊದಲು ನಾನು ಬಾತ್‌ರೂಮು ಕಟ್ಟಿಸಿದೆ. ಯಾರೂ ಕೇಳಿರಲಿಲ್ಲ. ಯಾವ ಕಾನೂನೂ ಬಂದು ನನ್ನ ಬಾಗಿಲು ತಟ್ಟಿರಲಿಲ್ಲ. ನಾನು ಕೊಟ್ಟೆ, ಅವರಿಗೆ ಸಿಕ್ಕಿತು. ಆ ಹುಡುಗಿಗೆ ಹೀಗೇ ಹೇಳು.

ಇನ್ನೊಂದು ವಿಷಯ. ಕಾಲರ್ ಹೊಲಿಯುತ್ತಾ ಕೂತಿದ್ದ ಕಾಲರಕ್ಕ ಮೊನ್ನೆ ಮಧ್ಯಾಹ್ನ ಸ್ಟೂಲಿನಿಂದ ಬಿದ್ದಳು. ವಾರದಿಂದ ಮೈ ಬಿಸಿ ಇತ್ತಂತೆ, ಯಾರಿಗೂ ಹೇಳಿಲ್ಲ. ಬಿದ್ದ ಸದ್ದು ಕೇಳಲಿಲ್ಲ, ಮೆಷಿನ್‌ಗಳೆಲ್ಲ ಓಡುತ್ತಿದ್ದವು. ಅವಳ ಮೆಷಿನ್ ನಿಂತಿದ್ದನ್ನು ಕೇಳಿ ತಲೆ ಎತ್ತಿದೆ. ಅರ್ಧ ಹೊಲಿದ ಕಾಲರ್ ಸೂಜಿಯ ಕೆಳಗೇ ಇತ್ತು.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಹೆಂಗಸು, ನಿನ್ನ ವಯಸ್ಸಿನವಳು. "ದಿನಕ್ಕೆ ಎಷ್ಟು ನೀರು ಕುಡೀತೀರಿ?" ಎಂದು ಕೇಳಿದಳು. ಕಾಲರಕ್ಕ ನನ್ನನ್ನು ಒಂದು ಸಲ ನೋಡಿ, "ಕೆಲಸದ ಹೊತ್ತಲ್ಲಿ ಕುಡಿಯಲ್ಲ ಡಾಕ್ಟರೇ, ಮನೆಗೆ ಹೋದ್ಮೇಲೆ ಒಟ್ಟಿಗೆ ಕುಡೀತೀನಿ" ಎಂದಳು. "ಯಾವಾಗಿಂದ?" ಎಂದು ಕೇಳಿದ್ದಕ್ಕೆ ಅವಳು ನಕ್ಕಳು. ಡಾಕ್ಟರು ತಲೆ ಎತ್ತದೆ ಅದನ್ನು ಬರೆದುಕೊಂಡಳು. ನಾನು ಕಾಲರಕ್ಕನ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ.

ಶಾಲೆ ಶುರುವಾಗುವುದರೊಳಗೆ ಎರಡು ಸಾವಿರ ಯೂನಿಫಾರ್ಮ್ ಅಂಗಿ ಆಗಬೇಕು. ಕಾಲರಿನ ಮೂಲೆ ಅವಳ ಹಾಗೆ ತಿರುಗಿಸುವವರು ಇಲ್ಲಿ ಇನ್ನೊಬ್ಬರಿಲ್ಲ. ನನಗೆ ಅದನ್ನು ಕಲಿಸಿದವಳೂ ಅವಳೇ.

ಮೈ ನೋಡಿಕೋ.

ಅಮ್ಮ


ಮಾರ್ಚ್ ೩

ಮಗಳಿಗೆ,

ನಾನು ಎರಡು ಹಾಳೆ ಬರೆದರೆ ನೀನು ಒಂದು ಸಾಲು ಬರೆದಿದ್ದೀಯ. "ಆ ಬೀಗದಕೈ ಇನ್ನೂ ನಿನ್ನ ಕುರ್ಚಿಯ ಹಿಂದಿನ ಮೊಳೆಗೇ ಇದೆಯಾ?"

ಇದೆ. ಏಕೆ ಇದೆ ಎಂದೂ ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಬಾತ್‌ರೂಮು ಕಟ್ಟಿಸಿದ ಹೊಸದರಲ್ಲಿ ಕೆಳಗಿನ ಅಂಗಡಿಯವರೆಲ್ಲ ಮೆಟ್ಟಿಲು ಹತ್ತಿ ಬಂದು ಹೊಲಸು ಮಾಡಿ ಹೋಗುತ್ತಿದ್ದರು. ಬೀಗ ಹಾಕಿದೆ. ಬೀಗದಕೈ ಕಳೆಯುತ್ತದೆ ಎಂದು ದಾರ ಸುತ್ತುವ ದೊಡ್ಡ ಮರದ ರೀಲಿಗೆ ಕಟ್ಟಿದೆ. ನಮ್ಮ ಹೆಂಗಸರು ಬಾತ್‌ರೂಮಿಗೆ ಹೋಗುವುದಕ್ಕೆ "ರೀಲು ಹಿಡಿಯೋದು" ಎಂದು ಹೆಸರಿಟ್ಟರು. ಒಳಗೆ ಹೋಗಿ ಇಬ್ಬರು ಮೂವರು ಹರಟೆಗೆ ನಿಲ್ಲುತ್ತಾರೆ ಎಂದು ಮೊಳೆಯನ್ನು ನನ್ನ ಕುರ್ಚಿಯ ಹಿಂದಕ್ಕೆ ಹೊಡೆಸಿದೆ. ಕೈ ಹೋಗಬೇಕಾದರೆ ನಾನು ಕುರ್ಚಿ ಸ್ವಲ್ಪ ಮುಂದೆ ಎಳೆದುಕೊಳ್ಳಬೇಕು. ಎಳೆದುಕೊಳ್ಳುತ್ತೇನೆ. ಇಷ್ಟು ವರ್ಷದಲ್ಲಿ ಒಬ್ಬರಿಗೂ ಇಲ್ಲ ಎಂದವಳಲ್ಲ. ಗಡಿಯಾರ ನೋಡುತ್ತೀಯ ಎಂದು ನೀನು ಹಿಂದೊಮ್ಮೆ ಅಂದಿದ್ದೆ. ಗಡಿಯಾರ ನನ್ನ ಎದುರಿನ ಗೋಡೆಗೇ ಇದೆ. ಕಣ್ಣೆತ್ತಿದರೆ ಅದೇ ಕಾಣುತ್ತದೆ. ಕಣ್ಣು ಮುಚ್ಚಿಕೊಂಡು ಕೂರಲೇ?

ಕಾಲರಕ್ಕನ ಎರಡೂ ಮೂತ್ರಪಿಂಡಕ್ಕೆ ಕೀವು ಹತ್ತಿದೆಯಂತೆ. ಈಚಿನದಲ್ಲ, ಎಷ್ಟೋ ವರ್ಷದ್ದು ಎಂದರು. ಅವಳಿಗೆ ಸಕ್ಕರೆ ಕಾಯಿಲೆಯೂ ಇತ್ತು, ಅದನ್ನು ಮರೆಯಬೇಡ. ವಾರಕ್ಕೆರಡು ಸಲ ಯಂತ್ರಕ್ಕೆ ಹಾಕಿ ರಕ್ತ ಶುದ್ಧ ಮಾಡುತ್ತಾರೆ. ಅವಳು ಆ ಯಂತ್ರವನ್ನು ಬೈಯುತ್ತಾಳೆ. "ನಮ್ಮ ಓವರ್‌ಲಾಕ್ ಮೆಷಿನ್ ಇದಕ್ಕಿಂತ ವಾಸಿ, ಬೈದರೆ ಸುಮ್ಮನಾಗುತ್ತೆ" ಎಂದಳು. ಪಕ್ಕದ ಮಂಚದವರೆಲ್ಲ ನಕ್ಕರು.

ಒಂದು ಮಾತು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೆಂಗಸರು ಬೆಳಿಗ್ಗೆ ಬರುವಾಗ ಮನೆಯಿಂದ ನೀರಿನ ಬಾಟಲಿ ತರುತ್ತಾರೆ, ಕಿಟಕಿ ಕೆಳಗಿನ ಹಲಗೆಯ ಮೇಲೆ ಸಾಲಾಗಿ ಇಡುತ್ತಾರೆ. ನಾನು ಅದನ್ನು ದಿನವೂ ನೋಡಿದ್ದೇನೆ. ಚೆನ್ನಾಗಿ ಜೋಡಿಸಿಡುತ್ತಾರೆ ಎಂದುಕೊಂಡಿದ್ದೆ. ಡಾಕ್ಟರು ಕೇಳಿದ ಮೇಲೆ, ಒಂದು ಸಂಜೆ ಎಲ್ಲರೂ ಮೆಟ್ಟಿಲಿಳಿಯುವಾಗ ಅವರ ಕೈ ನೋಡಿದೆ. ಬಾಟಲಿಗಳು ತುಂಬಿದ್ದವು. ಬೆಳಿಗ್ಗೆ ಹೇಗೆ ಬಂದಿದ್ದವೋ ಹಾಗೇ ವಾಪಸ್ ಹೋದವು, ಒಂದೆರಡು ಗುಟುಕು ಕಡಿಮೆ.

ಮಾರನೆಯ ದಿನ, "ಸೆಖೆ ಇದೆ, ನೀರು ಕುಡೀರಿ" ಎಂದೆ. "ಕುಡೀತೀವಿ ಯಜಮಾನ್ರೇ" ಎಂದರು. ರೇಡಿಯೋ ಮಾತ್ರ, ಅವಳೇ ಗುಂಡಿ ಹಚ್ಚುವವಳು, ಬಾಯಿ ಮುಚ್ಚದ್ದಕ್ಕೆ ಆ ಹೆಸರು ಬಂದವಳು, ಬಾಟಲಿ ಎತ್ತಿ ಎಲ್ಲರೆದುರು ಒಂದು ಗುಟುಕು ಕುಡಿದು ತೋರಿಸಿದಳು, ಔಷಧಿ ಕುಡಿಯುವ ಮಗುವಿನ ಹಾಗೆ.

ನನಗೆ ಏನೂ ಅನ್ನಿಸಲಿಲ್ಲ. ಅದನ್ನೇ ಬರೆಯಬೇಕೆಂದಿದ್ದೆ. ಏನಾದರೂ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಅಮ್ಮ


ಮಾರ್ಚ್ ೨೬

ಮಗಳಿಗೆ,

ಮಂಗಳವಾರ ಬೆಳಿಗ್ಗೆ ಕಾರ್ಮಿಕ ಇಲಾಖೆಯಿಂದ ಅಧಿಕಾರಿ ಬಂದಿದ್ದರು. ಕೆಳಗಿನ ಅಂಗಡಿಯವನು ಕೂಗಿ ಹೇಳಿದ. ಅವರು ಎರಡು ಮಹಡಿ ಹತ್ತಿ ಬರುವಷ್ಟರಲ್ಲಿ ರೇಡಿಯೋ ಎದ್ದು ಬಂದು ನನ್ನ ಹಿಂದೆ ಕೈ ಹಾಕಿ ಬೀಗದಕೈಯನ್ನು ರೀಲಿನ ಸಮೇತ ತೆಗೆದು ಗುಂಡಿ ಡಬ್ಬಿಯೊಳಗೆ ಹೂತಳು. ಇನ್ನೊಬ್ಬಳು ಬೀಗ ಕಳಚಿ ಚಿಂದಿ ಚೀಲಕ್ಕೆ ಹಾಕಿದಳು. ನಾನು ಹೇಳಿರಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಅವಳ ಕೈ ಹೋಗಲಿ ಎಂದು ಕುರ್ಚಿ ಮುಂದೆ ಎಳೆದುಕೊಂಡೆ, ಅಭ್ಯಾಸ.

ಅಧಿಕಾರಿ ಮೆತ್ತಗಿನ ಮನುಷ್ಯ. ಕನ್ನಡಕ ಒರೆಸಿಕೊಂಡು ಬಾತ್‌ರೂಮಿನ ಬಾಗಿಲು ತೆಗೆದು ಹಾಕಿ ನೋಡಿದರು. ಆಮೇಲೆ ನನ್ನ ಹಿಂದಿನ ಗೋಡೆ ನೋಡಿ, "ಈ ಮೊಳೆ ಯಾತಕ್ಕೆ?" ಎಂದರು.

"ಕ್ಯಾಲೆಂಡರ್ ಇತ್ತು ಸಾರ್" ಎಂದಳು ರೇಡಿಯೋ. "ವರ್ಷ ಮುಗೀತು, ತೆಗೆದ್ವಿ."

"ವರ್ಷ ಮುಗಿದು ಮೂರು ತಿಂಗಳಾಯ್ತಲ್ಲಮ್ಮ."

"ನಮ್ಮ ಯಜಮಾನ್ರು ಯಾವುದನ್ನೂ ಬೇಗ ಎಸೆಯಲ್ಲ ಸಾರ್. ನಮ್ಮನ್ನೇ ನೋಡಿ."

ಎಲ್ಲರೂ ನಕ್ಕರು, ಅಧಿಕಾರಿಯೂ ನಕ್ಕರು. ನಾನೂ ನಕ್ಕೆ.

ಬಾತ್‌ರೂಮಿಗೆ ಬೀಗ ಇರುವುದಿಲ್ಲ, ಕೆಲಸದವರು ಯಾರನ್ನೂ ಕೇಳದೆ ಹೋಗಬಹುದು ಎಂದು ಹೇಳಿಕೆ ಬರೆಸಿ ಹದಿಮೂರು ಜನರ ಸಹಿ ಮಾಡಿಸಿಕೊಂಡರು. ಸಾಲಾಗಿ ಬಂದು ಮಾಡಿದರು ಎಲ್ಲರೂ. ಆಸ್ಪತ್ರೆಯಲ್ಲಿ ಇರುವವರನ್ನು ಕೇಳಿ ಬಂದ ಮೇಲೆ ನಿಮ್ಮ ಸಹಿ ಎಂದರು ನನಗೆ. ಹೇಳಿಕೆ ನಿಜವಲ್ಲ ಎಂದಾದರೆ ಬಾಗಿಲಿಗೆ ನೋಟಿಸು ಹಚ್ಚಿ ಕೆಲಸ ನಿಲ್ಲಿಸುತ್ತಾರಂತೆ. ಶಾಲೆಯವರು ಆಮೇಲೆ ಕಾಯುವುದಿಲ್ಲ.

ಫೈಲು ಮುಚ್ಚುವಾಗ ದೂರಿನ ಅರ್ಜಿ ಕಣ್ಣಿಗೆ ಬಿತ್ತು. ಕೆಳಗೆ ಹೆಸರಿರಲಿಲ್ಲ. ನಾನು ಓದಲಿಲ್ಲ, ಅಕ್ಷರ ಮಾತ್ರ ನೋಡಿದೆ. ಕಟಿಂಗ್ ಟೇಬಲಿನ ಕೆಳಗೆ ಕೂರಿಸಿ, ಬಟ್ಟೆಗೆ ಗುರುತು ಹಾಕುವ ಸುಣ್ಣದ ಕಡ್ಡಿಯಲ್ಲಿ ನಾನೇ ತಿದ್ದಿಸಿದ ಅಕ್ಷರ ಅದು.

ಅಕ್ಷರ ಚೆನ್ನಾಗಿದೆ. ಒಂದು ಸಾಲೂ ಸೊಟ್ಟಗಾಗಿಲ್ಲ.

ಅಮ್ಮ


ಏಪ್ರಿಲ್ ೨

ಅಮ್ಮಾ,

ಹೌದು, ನಾನೇ ಬರೆದಿದ್ದು. ಹೆಸರು ಹಾಕುವ ಧೈರ್ಯ ಆಗಲಿಲ್ಲ. ನಿನಗೆ ಹೆದರುವುದು ಇನ್ನೂ ಬಿಟ್ಟಿಲ್ಲ ನಾನು, ಈ ವಯಸ್ಸಿಗೆ.

ನನಗೆ ಒಂಬತ್ತು ವರ್ಷ. ರಜೆ ಇತ್ತು, ಕಟಿಂಗ್ ಟೇಬಲಿನ ಕೆಳಗೆ ಕೂತು ಓದುತ್ತಿದ್ದೆ. ಶಾಲೆಯ ಹೆಡ್ ಮೇಡಂ ಯೂನಿಫಾರ್ಮಿನ ಮಾತಿಗೆ ಬಂದು ನಿನ್ನ ಎದುರು ಕೂತಿದ್ದರು. ನಾನು ಮೂರು ಸಲ ಎದ್ದು ನಿನ್ನ ಕುರ್ಚಿಯ ತನಕ ಬಂದೆ. ನೀನು ಮೂರು ಸಲವೂ ನನ್ನನ್ನು ನೋಡಿದೆ. ಏನು ಎಂದು ಕೇಳಲಿಲ್ಲ. ನಾಲ್ಕನೇ ಸಲ ಏಳಲಿಲ್ಲ. ನೀಲಿ ಲಂಗ ಹಾಕಿದ್ದೆ. ಕಾಲರತ್ತೆ ಬಂದು ಚಿಂದಿ ಬಟ್ಟೆಯಲ್ಲಿ ನೆಲ ಒರೆಸಿದರು, ಯಾರಿಗೂ ಗೊತ್ತಾಗದ ಹಾಗೆ.

ನೀನು ಯಾರಿಗೂ ಇಲ್ಲ ಅಂದಿಲ್ಲ. ನಿಜ. ನಾನು ಆ ಹುಡುಗಿಗೆ ಇನ್ನೂ ಉತ್ತರ ಹೇಳಿಲ್ಲ.

ಮಗಳು


ಏಪ್ರಿಲ್ ೨೦

ಮಗಳಿಗೆ,

ನೀಲಿ ಲಂಗದ ವಿಷಯ ನನಗೆ ನೆನಪಿಲ್ಲ.

ಕಾಲರಕ್ಕನೂ ಅಧಿಕಾರಿಯ ಎದುರು ಬೀಗ ಇಲ್ಲ ಎಂದೇ ಹೇಳಿದಳಂತೆ. ಮೂಗಿಗೆ ನಳಿಕೆ ಹಾಕಿಕೊಂಡು ಹೇಳಿದ್ದಾಳೆ. ಅವಳ ಮಗ ನನಗೆ ಫೋನು ಮಾಡಿ, "ಅಮ್ಮ ಸುಳ್ಳು ಹೇಳಿದ್ದು ನಾನು ಹುಟ್ಟಿದ ಮೇಲೆ ಇದೇ ಮೊದಲು" ಎಂದು ಹೇಳಿ ಇಟ್ಟುಬಿಟ್ಟ. ಶನಿವಾರ ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಅವಳ ಪಕ್ಕ ಕೂತೆ.

ಎಲ್ಲರೆದುರು ಅವಳು ನನಗೆ ಯಜಮಾನ್ರೇ, ನೀವು ಎನ್ನುತ್ತಾಳೆ. ಹೊಲಿಗೆ ಮನೆ ಶುರುವಾದ ದಿನದಿಂದ ಅವಳೇ ಹಾಗೆ ಮಾಡಿಕೊಂಡಿದ್ದು. ಹಾಗೆ ಕರೆಯಬೇಡ ಎಂದು ನಾನೂ ಹೇಳಲಿಲ್ಲ. ಅವತ್ತು ವಾರ್ಡಿನಲ್ಲಿ ಯಾರೂ ಎಚ್ಚರ ಇರಲಿಲ್ಲ.

"ಯಾಕೆ ಹಾಗೆ ಹೇಳ್ದೆ ಅವರಿಗೆ?" ಎಂದೆ.

"ಹೇಳದೆ? ನಿನ್ನ ಬಾಗಿಲು ಮುಚ್ಚಿದ್ರೆ ಆ ಹುಡುಗೀರು ಎಲ್ಲಿಗೆ ಹೋಗ್ತಾರೆ? ಬಾಗಿಲೇ ಇಲ್ಲದ ಕಡೆಗೆ. ನಾವು ನೋಡಿಲ್ವಾ ಅದನ್ನ."

"ನೀನು ಕೇಳಬಹುದಿತ್ತು. ಒಂದು ಮಾತು."

"ಏನಂತ ಕೇಳ್ಲಿ? ಅಮ್ಮಾ ತಾಯಿ, ಒಂದಕ್ಕೆ ಹೋಗಿ ಬರ್ಲಾ ಅಂತ? ನಿನಗೆ ಕಾಲರ್ ಹೊಲಿಯೋದು ಹೇಳ್ಕೊಟ್ಟವಳು ಕಣೇ ನಾನು. ಆ ರೀಲು ಕೈಯಲ್ಲಿ ಹಿಡ್ಕೊಂಡು ಎಲ್ಲರ ಮುಂದೆ ನಡೆಯೋದಕ್ಕಿಂತ ಬಾಯಾರಿಕೇನೇ ವಾಸಿ ಅನ್ಸೋದು. ನನಗೂ ಸೊಕ್ಕು ಕಡಿಮೆ ಇರ್ಲಿಲ್ಲ ಬಿಡು."

ಸ್ವಲ್ಪ ಹೊತ್ತಿಗೆ ಅವಳಿಗೆ ಮಲಗಿದಲ್ಲೇ ಒಂದಕ್ಕೆ ಹೋಗಲು ಇಡುವ ಪ್ಯಾನು ಬೇಕಾಯಿತು. ನರ್ಸ್ ಆ ತುದಿಯಲ್ಲಿದ್ದಳು. ಮಂಚದ ಸುತ್ತಿನ ಪರದೆಯ ಕೊಕ್ಕೆ ಕಿತ್ತು ಹೋಗಿತ್ತು, ಅರ್ಧಕ್ಕೇ ನಿಲ್ಲುತ್ತದೆ. ನಾನೇ ಪ್ಯಾನು ಇಟ್ಟು, ಹೊದಿಕೆ ಬಿಚ್ಚಿ ಎರಡು ಕೈಯಲ್ಲಿ ಎತ್ತಿ ಹಿಡಿದು ನಿಂತೆ. ಅವಳು ಸುಮ್ಮನೆ ಮಲಗಿದ್ದಳು. ಎಷ್ಟೋ ಹೊತ್ತಾಯಿತು.

"ಆಯ್ತಾ?" ಎಂದೆ.

"ಆ ಕಡೆ ತಿರುಗೇ" ಎಂದಳು. "ನೀನು ನೋಡ್ತಾ ಇದ್ರೆ ನನಗೆ ಬರಲ್ಲ."

ನಾನು ಅವಳನ್ನೇ ನೋಡುತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ತಿರುಗಿದೆ. ಗೋಡೆಯ ಮೇಲೆ ಬೆಂಕಿ ಆರಿಸುವ ಕೆಂಪು ಬಾಲ್ದಿ ಇತ್ತು. ಅದನ್ನು ನೋಡುತ್ತಾ ನಿಂತಾಗ ಶೆಡ್ಡು ನೆನಪಾಯಿತು.

ಇದನ್ನು ನಿನಗೆ ನಾನು ಯಾವತ್ತೂ ಹೇಳಿಲ್ಲ. ಶೆಡ್ಡಿನ ಹಿಂದೆ ಒಂದು ಮೋಟು ಗೋಡೆ ಇತ್ತು, ಅದರಾಚೆ ಗಂಡಸರು ಸಾಮಾನು ಇಳಿಸುತ್ತಿದ್ದರು. ನೀನು ಹೊಟ್ಟೆಯಲ್ಲಿದ್ದೆ, ಏಳು ತಿಂಗಳು. ಗಂಟೆಗೊಂದು ಸಲ ನನಗೆ ತಡೆಯಲು ಆಗುತ್ತಿರಲಿಲ್ಲ. ಮೊದಲ ದಿನ ಮೆಷಿನ್ ಮುಂದೆ ಕೂತು ಕಣ್ಣಲ್ಲಿ ನೀರು ಹಾಕಿಕೊಂಡು ಹೊಲಿಯುತ್ತಿದ್ದೆ. ಕಾಲರಕ್ಕ ಎದ್ದಳು. ನನಗೆ ಅವಳ ಪರಿಚಯವೂ ಇರಲಿಲ್ಲ ಆಗ. ಮೂರು ಮೊಳ ಅಸ್ತರಿನ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು, "ಬಾ" ಎಂದಳು, ಅಷ್ಟೆ. ಗೋಡೆಯ ಹತ್ತಿರ ಬಟ್ಟೆ ಬಿಡಿಸಿ ಎರಡು ಕೈಯಲ್ಲಿ ಹಿಡಿದು, ನನಗೆ ಬೆನ್ನು ಮಾಡಿ, ಆ ಗಂಡಸರ ಕಡೆ ಮುಖ ಮಾಡಿ ನಿಂತಳು. ಅವರು ಏನೇನೋ ಅಂದರು. ಅವಳು ಅಲ್ಲಾಡಲಿಲ್ಲ. ನಾನು ಎದ್ದು "ಆಯ್ತು" ಎನ್ನುವವರೆಗೆ ಹಿಂದೆ ತಿರುಗಲಿಲ್ಲ. ಎರಡು ತಿಂಗಳು, ದಿನಕ್ಕೆ ಏಳೆಂಟು ಸಲ. ಅವಳ ಮೆಷಿನ್ ನಿಂತಿದ್ದಕ್ಕೆ ಬೈಗುಳ ಅವಳೇ ತಿಂದಳು. ಆಮೇಲೆ ಬೇರೆ ಹೆಂಗಸರೂ ಒಬ್ಬರಿಗೊಬ್ಬರು ಹಾಗೆ ಹಿಡಿಯುವುದು ರೂಢಿಯಾಯಿತು. ಆ ಬಟ್ಟೆ ಬಾಗಿಲ ಹಿಂದೆ ನೇತಾಡುತ್ತಿತ್ತು. ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಯಾರನ್ನೂ ಕೇಳಬೇಕಾಗಿರಲಿಲ್ಲ.

ಅವಳಿಗೆ ಅದನ್ನು ಹೇಳಿಕೊಟ್ಟವರು ಯಾರು ಎಂದು ನಾನು ಕೇಳಿಲ್ಲ. ಅವತ್ತೂ ಕೇಳಲಿಲ್ಲ, ಶನಿವಾರವೂ ಕೇಳಲಿಲ್ಲ.

"ಆಯ್ತು" ಎಂದಳು ಮಂಚದಿಂದ. ನಾನು ಹೊದಿಕೆ ಹೊದಿಸಿ ಪ್ಯಾನು ತೆಗೆದುಕೊಂಡು ಹೋದೆ. ಏನೂ ಇರಲಿಲ್ಲ ಅದರಲ್ಲಿ, ಒಂದೆರಡು ಹನಿ.

ಅಮ್ಮ


ಮೇ ೯

ಮಗಳಿಗೆ,

ಕಾಲರಕ್ಕ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋದಳು. ನಾನು ಆಗ ಕಟಿಂಗ್ ಟೇಬಲಿನ ಹತ್ತಿರ ಇದ್ದೆ. ಅವಳ ಮಗ ರೇಡಿಯೋಗೆ ಫೋನು ಮಾಡಿದ, ನನಗೆ ಮಾಡಲಿಲ್ಲ. ಮೆಷಿನ್‌ಗಳು ಒಂದೊಂದಾಗಿ ನಿಂತವು. ನೀವೆಲ್ಲ ಹೋಗಿ ಎಂದೆ, ಎಲ್ಲರೂ ಹೋದರು.

ನಾನು ಅವಳ ಮೆಷಿನ್ ಮುಂದೆ ಕೂತು ಸೂಜಿಯ ಕೆಳಗಿದ್ದ ಕಾಲರ್ ಮುಗಿಸಿದೆ. ಮೂರು ತಿಂಗಳಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಸೂಜಿ ಬೆರಳಿಗೆ ಹೋಗಿದ್ದು ಬಟ್ಟೆ ಕೆಂಪಾದ ಮೇಲೆ ಗೊತ್ತಾಯಿತು.

ನೀನು ಸ್ಮಶಾನಕ್ಕೆ ಬಂದಿದ್ದನ್ನು ನೋಡಿದೆ. ಅವಳ ಮನೆಯವರ ಜೊತೆ ನೀನು ನಿಂತಿದ್ದೆ. ನೀನು ಸರಿಯಾದ ಕಡೆಯೇ ನಿಂತಿದ್ದೆ. ನಾನು ಗೇಟಿನ ಹೊರಗೆ ಇದ್ದೆ.

ಅಮ್ಮ


ಮೇ ೩೦

ಮಗಳಿಗೆ,

ಅಧಿಕಾರಿ ನಿನ್ನೆ ಬಂದಿದ್ದರು. ನಿನಗೆ ಬೇರೆ ಯಾರಿಂದಲೋ ಗೊತ್ತಾಗುವುದಕ್ಕಿಂತ ನಾನೇ ಬರೆಯುವುದು ಮೇಲು.

ಅವರು ಕೂತು ಚಹಾ ಕುಡಿದು ಕಾಗದ ನನ್ನ ಮುಂದೆ ಇಟ್ಟರು. "ಸಹಿ ಹಾಕಿಬಿಡಿ ಅಮ್ಮಾ, ಫೈಲು ಮುಗಿಸ್ತೀನಿ. ಅವರಿಗೆ ಸಕ್ಕರೆ ಕಾಯಿಲೆನೂ ಇತ್ತಲ್ಲ."

"ಇತ್ತು" ಎಂದೆ.

"ಬೀಗ ಇರ್ಲಿಲ್ಲ ಅಂತ ಎಲ್ಲರೂ ಹೇಳಿದಾರೆ. ಅವರೂ ಹೇಳಿದಾರೆ, ಪಾಪ."

ನಾನು ಎದ್ದು ಗುಂಡಿ ಡಬ್ಬಿ ತೆಗೆದೆ. ಕೈ ಹಾಕಿದರೆ ಸಿಗಲಿಲ್ಲ, ಬಿಳಿ ಗುಂಡಿ ಎಲ್ಲ ಟೇಬಲಿನ ಮೇಲೆ ಸುರಿಯಬೇಕಾಯಿತು. ಕೆಲವು ನೆಲಕ್ಕೆ ಉರುಳಿದವು. ಯಾರೂ ಆಯಲು ಏಳಲಿಲ್ಲ. ರೀಲನ್ನು ಅವರ ಫೈಲಿನ ಮೇಲೆ ಇಟ್ಟೆ.

"ಇದು ಆ ಮೊಳೆಯದು" ಎಂದೆ. "ಕ್ಯಾಲೆಂಡರ್ ಅಲ್ಲ."

ಅವರು ಅದನ್ನು ತಿರುಗಿಸಿ ನೋಡಿದರು. ಕೈ ಹಿಡಿದು ಹಿಡಿದು ಮರ ನುಣ್ಣಗಾಗಿದೆ. ನನ್ನ ಹಿಂದೆ ಯಾರದೋ ಕತ್ತರಿ ಕೆಳಗೆ ಇಟ್ಟ ಸದ್ದು ಕೇಳಿತು.

"ಯಾರಾದ್ರೂ ಬಂದು ಕೇಳಿದಾಗ ನೀವು ಕೊಡಲ್ಲ ಅಂದಿದ್ದುಂಟಾ?"

"ಇಲ್ಲ."

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ."

"ಹಾಗಾದ್ರೆ ನಾನು ಏನು ತಪ್ಪು ಅಂತ ಬರೀಲಿ ಅಮ್ಮಾ?"

"ಕೇಳ್ಬೇಕಾಗಿತ್ತು ಅಂತ ಬರೀರಿ."

ಅವರು ಹಳೆಯ ಹೇಳಿಕೆಯ ಹಾಳೆ ತಿರುಗಿಸಿದರು. "ಈ ಹದಿಮೂರು ಜನ ಸುಳ್ಳು ಹೇಳಿಕೆ ಕೊಟ್ಟಂಗಾಯ್ತು" ಎಂದರು. ನನಗೆ ಹೆದರಿ ಕೊಟ್ಟರು, ಅದನ್ನೂ ನನ್ನ ಹೆಸರಿಗೇ ಬರೆಯಿರಿ ಎಂದೆ. ಬರೆದರು. ನಾನು ಓದಿ ಸಹಿ ಹಾಕಿದೆ. ಬರೆದ ಕನ್ನಡ ಅಷ್ಟು ಚೆನ್ನಾಗಿರಲಿಲ್ಲ.

ಅವರು ಮೆಟ್ಟಿಲಿಳಿದ ಮೇಲೆ ರೇಡಿಯೋ ನನ್ನ ಎದುರು ಬಂದು ನಿಂತಳು. "ಯಜಮಾನ್ರೇ, ನಾವು ನಿಮಗೆ ಹೆದರಿ ಹೇಳಿದ್ದಲ್ಲ. ನಿಮ್ಮನ್ನ ಉಳಿಸೋಣ ಅಂತ ಹೇಳಿದ್ದು. ನೀವು ನಿಮ್ಮ ಮನಸ್ಸು ಹಗುರ ಮಾಡ್ಕೊಂಡ್ರಿ. ಈಗ ನಮ್ಮ ಹೊಟ್ಟೆಗೇನು?"

ಅವಳು ಹೇಳಿದ್ದು ಸರಿ. ಮನಸ್ಸು ಹಗುರ ಆಗಿದೆ ಎಂದು ಅವಳು ತಿಳಿದಿದ್ದಾಳೆ. ಆಗಿಲ್ಲ ಎಂದು ಹೇಳುವುದೂ ಅವಳೆದುರು ನಾಚಿಕೆಗೇಡು.

ಇವತ್ತು ಬಾಗಿಲಿಗೆ ನೋಟಿಸು ಹಚ್ಚಿದರು. ನಲವತ್ತು ದಿನ. ಶಾಲೆಯವರು ಕತ್ತರಿಸಿಟ್ಟ ಬಟ್ಟೆಯನ್ನೆಲ್ಲ ಗಾಡಿ ತಂದು ತುಂಬಿಕೊಂಡು ಹೋದರು. ಹೆಡ್ ಮೇಡಂ ಬರಲಿಲ್ಲ, ಚೀಟಿ ಕಳಿಸಿದ್ದರು.

ಅಮ್ಮ


ಜುಲೈ ೧೯

ಮಗಳೇ,

ನಿನ್ನ ಎರಡೂ ಪತ್ರ ಬಂದವು. ಬರಲೇ ಎಂದು ಕೇಳಿದ್ದೀಯ. ಅದನ್ನೂ ಕೇಳಬೇಕೇ ನೀನು? ಬರೆದ ಮೇಲೆ ಈ ಸಾಲು ಓದಿಕೊಂಡೆ. ಹೊಡೆದು ಹಾಕುವುದಿಲ್ಲ, ಇರಲಿ.

ಹೊಲಿಗೆ ಮನೆ ಬಾಗಿಲು ತೆಗೆದು ಒಂಬತ್ತು ದಿನವಾಯಿತು. ಹದಿಮೂರರಲ್ಲಿ ನಾಲ್ವರು ಬರಲಿಲ್ಲ, ಬಸ್ ನಿಲ್ದಾಣದ ಹಿಂದಿನ ದೊಡ್ಡ ಶೆಡ್ಡಿಗೆ ಸೇರಿದ್ದಾರೆ. ಅಲ್ಲಿ ಬಾತ್‌ರೂಮು ಇದೆಯಾ ಎಂದು ವಿಚಾರಿಸಿದೆ. ಇದೆಯಂತೆ, ಬೀದಿಯ ಆಚೆ. ಅವರು ಬಾಟಲಿ ಒಯ್ಯುತ್ತಾರೋ ಇಲ್ಲವೋ ಗೊತ್ತಿಲ್ಲ. ಅದು ನನ್ನಿಂದಲೇ ಆಗಿದ್ದು. ರೇಡಿಯೋ ಬಂದಳು. "ನಿಮ್ಮಂಥ ಬೈಗುಳ ಬೇರೆ ಕಡೆ ಸಿಗಲ್ಲ" ಎಂದಳು. ಮೊದಲಿನ ಹಾಗೆ ಮಾತಾಡುವುದಿಲ್ಲ, ಹೊಲಿಯುವಾಗ ಸುಮ್ಮನಿರುತ್ತಾಳೆ. ಎಲ್ಲರೂ ಈಗ ಅವಳನ್ನು ರಿಪೇರಿಗೆ ಹಾಕಬೇಕು ಎನ್ನುತ್ತಾರೆ.

ಬಡಗಿಯನ್ನು ಕರೆಸಿ ಬಾಗಿಲಿನ ಹೊರಗಿನ ಕೊಂಡಿ ಕೀಳಿಸಿ ಒಳಗೆ ಚಿಲಕ ಹಾಕಿಸಿದೆ. ಕೊಂಡಿ ಇದ್ದಲ್ಲಿ ತೂತು ಉಳಿದಿತ್ತು, ಯಾರೋ ಅದಕ್ಕೆ ನೀಲಿ ಚಿಂದಿ ತುರುಕಿದ್ದಾರೆ.

ನೀಲಿ ಲಂಗ ನನಗೆ ನೆನಪಿದೆ. ನೀನು ಪತ್ರ ಬರೆದ ದಿನವೂ ನೆನಪಿತ್ತು. ಅಂಚಿಗೆ ಬಿಳಿ ಪಟ್ಟಿ ಇತ್ತು, ಉಳಿದ ಯೂನಿಫಾರ್ಮ್ ಬಟ್ಟೆಯಲ್ಲಿ ನಾನೇ ಹೊಲಿದಿದ್ದೆ. ನೀನು ಮೂರು ಸಲ ಬಂದಿದ್ದು ನಿಜ. ಮೇಡಂ ಎದುರು ಎದ್ದು ಕುರ್ಚಿ ಎಳೆದುಕೊಳ್ಳುವುದು ಮರ್ಯಾದೆಯಲ್ಲ ಎಂದು ಕೂತಿದ್ದೆ. ಮನೆಗೆ ಬಂದು ಆ ಲಂಗವನ್ನು ನಾನೇ ಒಗೆದೆ. ಒಗೆದು ಒಣಗಿಸಿ ಇಸ್ತ್ರಿ ಮಾಡಿ ನಿನ್ನ ಬಟ್ಟೆಗಳ ಮೇಲೆ ಇಟ್ಟೆ. ನೀನು ಅದನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಏಕೆ ಎಂದು ನಾನು ಕೇಳಲಿಲ್ಲ.

ಕಾಲರಿನ ಕೆಲಸಕ್ಕೆ ಯಾರೂ ಸಿಕ್ಕಿಲ್ಲ. ಆದ್ದರಿಂದ ಅವಳ ಮೆಷಿನ್ ಮೇಲೆ ಈಗ ನಾನೇ ಕೂರುತ್ತೇನೆ. ಅವಳ ಸ್ಟೂಲು ಗೋಡೆಯ ಕಡೆಗಿದೆ, ನಿನಗೆ ಗೊತ್ತಲ್ಲ. ಅಲ್ಲಿ ಕೂತರೆ ಗಡಿಯಾರ ಬೆನ್ನ ಹಿಂದೆ ಆಗುತ್ತದೆ, ಹೆಂಗಸರೂ ಬೆನ್ನ ಹಿಂದೆ. ಎದುರಿಗೆ ಸುಣ್ಣದ ಗೋಡೆ, ಅಷ್ಟೆ. ಇಪ್ಪತ್ತೈದು ವರ್ಷ ಅವಳು ಇದನ್ನೇ ನೋಡಿಕೊಂಡು ಕೂತಿದ್ದಳು. ಮೂಲೆ ತಿರುಗಿಸುವುದು ನನಗೆ ಇನ್ನೂ ಅವಳಷ್ಟು ಚೂಪಾಗಿ ಬರುವುದಿಲ್ಲ. ಬೆರಳಿಗೆ ಏನೂ ಗೊತ್ತಾಗುವುದಿಲ್ಲ ಈಗ, ಬಟ್ಟೆ ದಪ್ಪವೋ ತೆಳುವೋ ಎಂದು ಕಣ್ಣಲ್ಲಿ ನೋಡಿ ತಿಳಿಯಬೇಕು.

ಆ ಹುಡುಗಿಗೆ ನಾನು ಹೇಳಿಕಳಿಸಿದ ಉತ್ತರವನ್ನು ಹೇಳಬೇಡ. ಬೇರೆ ಉತ್ತರ ನನ್ನ ಹತ್ತಿರ ಇಲ್ಲ. ಬೇಕಿದ್ದರೆ ಆ ಮೂರು ಮೊಳ ಬಟ್ಟೆಯ ಕಥೆ ಹೇಳು, ಬಟ್ಟೆ ಹಿಡಿದವಳು ಯಾವ ಕಡೆ ಮುಖ ಮಾಡಿ ನಿಂತಿದ್ದಳು ಎನ್ನುವುದನ್ನು ಮರೆಯದೆ ಹೇಳು.

ಇಲ್ಲಿ ಇನ್ನೂ ಅಭ್ಯಾಸ ಹೋಗಿಲ್ಲ. ಯಾರಿಗಾದರೂ ಹೋಗಬೇಕಾದಾಗ ಮೆಷಿನ್ ನಿಲ್ಲಿಸಿ, ಎದ್ದು, ಮೊದಲು ನನ್ನ ಹಳೆಯ ಕುರ್ಚಿಯ ಹತ್ತಿರ ಬರುತ್ತಾರೆ. ಕುರ್ಚಿ ಖಾಲಿ, ಮೊಳೆಯೂ ಖಾಲಿ. ಆದರೂ ಬಂದು ನಿಲ್ಲುತ್ತಾರೆ. ಹೆಜ್ಜೆ ಅಲ್ಲಿಗೆ ಬಂದು ನಿಲ್ಲುವುದು ನನಗೆ ಕೇಳಿಸುತ್ತದೆ. ಅವರು ನನ್ನ ಬೆನ್ನು ನೋಡುತ್ತಿದ್ದಾರೆ ಎಂದೂ ಗೊತ್ತಾಗುತ್ತದೆ. ನಾನು ತಿರುಗುವುದಿಲ್ಲ. ಹೋಗು ಎಂದೂ ಹೇಳುವುದಿಲ್ಲ. ಹೊಲಿಯುತ್ತಾ ಇರುತ್ತೇನೆ. ಸ್ವಲ್ಪ ಹೊತ್ತಿಗೆ ಹೆಜ್ಜೆ ಮುಂದೆ ಹೋಗುತ್ತದೆ, ಒಳಗಿನ ಚಿಲಕ ಬೀಳುತ್ತದೆ.

ಅಮ್ಮ